ಮೋತ್ಯಾನ ಕಿವಿಗೆ ಬಿದ್ದ ಎಣ್ಣೆ

ಗದಗಿನ ನನ್ನ ಕೋಣೆಯ ಮೇಜಿನ ಮೇಲೆ ಪುಟ್ಟದೊಂದು ಬಾಟಲಿ ಇದೆ. ಗೆಳೆಯನೊಬ್ಬ ತನ್ನ ನಾಯಿಗೆಂದು ಕೊಂಡು, ಹಾಕಬಹುದೋ ಬೇಡವೋ ನೋಡಿ ಹೇಳು ಎಂದು ಬಿಟ್ಟುಹೋಗಿದ್ದಾನೆ. ಕಿವಿಯ ಸೋಂಕಿಗೆ ಗಿಡಮೂಲಿಕೆಯ ತೈಲವಂತೆ, ಎಲ್ಲವೂ ನೈಸರ್ಗಿಕವಂತೆ. ಚೀಟಿಯ ಮೇಲೆ ನಾಯಿಯೊಂದು ನಗುತ್ತಿದೆ. ಕಿವಿ ನೋಯುವ ನಾಯಿ ನಗುವುದನ್ನು ನಾನಂತೂ ಕಂಡಿಲ್ಲ. ನೀವು ಕಂಡಿದ್ದರೆ ಹೇಳಿ. ಮುಚ್ಚಳ ತೆಗೆದು ಮೂಸಿದೆ. ಬೆಳ್ಳುಳ್ಳಿ!

ಬೆಳ್ಳಟ್ಟಿಯ ನಮ್ಮ ಮನೆಯಲ್ಲಿ ನಾಯಿ ಮೋತ್ಯಾನ ಕಿವಿ ಕೆಟ್ಟ ಆ ದಿನಗಳಲ್ಲಿ ಇದೇ ವಾಸನೆಯನ್ನು ಒಗ್ಗರಣೆಯದೆಂದುಕೊಂಡು ನಾನು ದಾರಿ ತಪ್ಪಿದ್ದೆ. ಮೋತ್ಯಾ ತಲೆ ಕೊಡವುತ್ತಿದ್ದ, ಎಡಗಿವಿಯನ್ನು ಗೋಡೆಗೆ ತಿಕ್ಕುತ್ತಿದ್ದ. ಆಮೇಲಾಮೇಲೆ ಕರೆದರೆ ತಿರುಗುವುದನ್ನೂ ಬಿಟ್ಟ. ಬಸ್ಸು ಬೆನ್ನ ಹಿಂದೆ ಬಂದರೂ ರಸ್ತೆಯ ನಡುವೆ ನಿಂತೇ ಇದ್ದ ದಿನ ನಾನೇ ಓಡಿಹೋಗಿ ಎಳೆದುಕೊಂಡು ಬಂದೆ. ಕಿವುಡು ನಾಯಿ ನಮ್ಮೂರ ರಸ್ತೆಯಲ್ಲಿ ಎಷ್ಟು ದಿನ ಬಾಳೀತು?

ನನಗೆ ದಿನಚರಿ ಬರೆಯುವ ಚಟ, ಸಂಶಯಪಡುವುದು ಅದರ ಉಪಚಟ. ಯಾರೋ ನಾಯಿಗೆ ಏನೋ ಹಾಕಿದ್ದಾರೆಂದು ತೀರ್ಮಾನಿಸಿದೆ. ಮೋತ್ಯಾ ಬೊಗಳಿದಾಗೆಲ್ಲ ಬಯ್ಯುತ್ತಿದ್ದವರು ಪಕ್ಕದಲ್ಲಿ ಗಾದಿ ಹೊಲಿಯುವ ಮಾಬೂಸಾಬ ಕಾಕಾ. ಆ ಬೈಗುಳಗಳೆಲ್ಲ ನನ್ನ ದಿನಚರಿಯಲ್ಲಿ ತಾರೀಖು ಸಮೇತ ಇದ್ದವು. ಪತ್ತೇದಾರನ ಗತ್ತಿನಲ್ಲಿ ಅವರ ಅಂಗಡಿಗೆ ಹೋದೆ.

“ಕಾಕಾ, ಮೋತ್ಯಾಗ ಏನರ ಹಾಕೀರೇನ್ರಿ?”

ಅವರು ಸೂಜಿಯಿಂದ ಕಣ್ಣು ಎತ್ತಲಿಲ್ಲ. “ನಾ ಯಾಕ ಹಾಕಲೆಲೇ? ರಾತ್ರಿ ನನ್ನ ಅಂಗಡಿ ಕಾಯೋದೂ ಅದ. ದಿನಾ ಸಂಜಿಕ ನಿಮ್ಮ ಮನ್ಯಾಗ ಬೆಳ್ಳೊಳ್ಳಿ ಎಣ್ಣಿ ಕಾಯೋ ವಾಸನಿ ಇಲ್ಲೀತನಕ ಬರತೈತಿ. ಮೊದಲ ಅದನ್ನ ತನಿಖಿ ಮಾಡು, ಸಾಹೇಬಾ.”

ಅಂದು ಸಂಜೆ ಹಿತ್ತಲಲ್ಲಿ ಸಿಕ್ಕಿಬಿದ್ದವಳು ನನ್ನ ಆಯಿ, ಅಪ್ಪನ ತಾಯಿ. ಮೋತ್ಯಾನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಬೆಚ್ಚಗಿನ ಎಣ್ಣೆಯನ್ನು ಎರಡೂ ಕಿವಿಗೆ ಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಎರೆಯುವಾಗ ಕಿವಿಗೆ ಎಣ್ಣೆ ಬಿಡುವುದು ಅವಳದೇ ಕೆಲಸ. ನಾಯಿಯೂ ಮನೆಯ ಕೂಸೇ ಎಂಬುದು ಅವಳ ಲೆಕ್ಕ.

“ಮುಂಜಾನಿ ಬೇವಿನ ನೀರು, ಸಂಜಿಕ ಎಣ್ಣಿ. ನಿನಗೂ ಹಾಕೀನಿ. ನೀ ಏನ್ ಕಿವುಡ ಆದೀ ಏನ?”

“ಅವ್ವ ಕೆಲಸಾ ಹೇಳಿದ್ರ ನನಗ ಕೇಳಸಂಗಿಲ್ಲ ನೋಡು, ಆಯಿ.”

ಅವಳು ನಗಲಿಲ್ಲ. “ಅದಕ್ಕ ಕಡಿಮಿ ಆಗವಲ್ದೋ. ಇನ್ನಷ್ಟು ಹಾಕಬೇಕನಸ್ತೈತಿ,” ಎಂದಳು. ಮತ್ತೆ ಮತ್ತೆ ಅವನ ಕಿವಿ ಎತ್ತಿ ನೋಡಿದಳು.

ಮರುದಿನ ಆಯಿಯೂ ನಾನೂ ಮೋತ್ಯಾನನ್ನು ಕರೆದುಕೊಂಡು ಶಿರಹಟ್ಟಿಯ ದನದ ದವಾಖಾನೆಗೆ ಹೋದೆವು. ಅಲ್ಲಿಯೂ ನನಗೆ ಸಂಶಯ. ಡಾಕ್ಟರು ಕೈ ತೊಳೆದರೋ ಇಲ್ಲವೋ ಎಂದು ಕಣ್ಣಿಟ್ಟಿದ್ದೆ. ತೊಳೆದರು. ಬಹಳ ಹೊತ್ತು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಮೆಲ್ಲಗೆ ಚಿಮಟದಿಂದ ಒಂದು ಹುಲ್ಲಿನ ಮುಳ್ಳು ಎಳೆದರು. ಎಣ್ಣೆಯಲ್ಲಿ ತೊಯ್ದು ಅದು ಮಿರಿಮಿರಿ ಹೊಳೆಯುತ್ತಿತ್ತು.

“ನಾಯಿ ಕಿವಿ ಮನುಷ್ಯಾರದರಂಗಲ್ರೀ ಅಮ್ಮಾರ. ಕೆಳಗಿಳಿದು ಒಳಗ ಹೊಳ್ಳಿರತೈತಿ. ಹಾಕಿದ್ದು ಹೊರಗ ಬರಂಗಿಲ್ಲ, ಹಸಿಗಿ ಹುಣ್ಣು ಹೆಚ್ಚಾಗತೈತಿ. ಪುಣ್ಯಾಕ ಒಳಗಿನ ಕಿವಿ ಪರದಿ ಹರದಿಲ್ಲ. ನಾ ಕೊಟ್ಟ ಔಷಧ ಬಿಟ್ಟು ಏನೂ ಹಾಕಬ್ಯಾಡ್ರಿ.”

“ಹಂಗಾರ ನಾ ಏನ್ ಮಾಡ್ಲಿ?” ಎಂದಳು ಆಯಿ. ಗದರಿಸಿಕೊಂಡ ಮಗುವಿನ ದನಿ.

“ಮೈ ತೊಳದ ಮ್ಯಾಲ ಒಣಾ ಅರಿವಿಲೆ ಕಿವಿ ಒರಸ್ರಿ. ದಿನಾ ಎತ್ತಿ ನೋಡ್ರಿ, ಮೂಸ್ರಿ. ಕೆಟ್ಟ ವಾಸನಿ ಬಂದ್ರ ಕರಕೊಂಡ ಬರ್ರಿ.”

ಕಿವಿ ವಾಸಿಯಾಯಿತು, ಮೋತ್ಯಾನಿಗೆ ಕೇಳಿಸಲೂ ತೊಡಗಿತು. ಆದರೆ ಆಯಿಯ ಕೈ ಕಂಡರೆ ತಲೆ ತಗ್ಗಿಸಿ ಹಿಂದೆ ಸರಿಯುತ್ತಿದ್ದ. ಅವನಿಗಾಗಿ ಅಷ್ಟು ಹೆದರಿದ್ದವಳ ಕೈ ಅದು. ಕಿವಿ ಒರೆಸುವ ಕೆಲಸ ನನ್ನ ಪಾಲಿಗೆ, ನಾನು ಗದಗಿಗೆ ಬಂದ ಮೇಲೆ ಅವ್ವನ ಪಾಲಿಗೆ ಬಂತು. ಊರೆಲ್ಲವನ್ನೂ ಅನುಮಾನಿಸಿದ ನಾನು ಪ್ರೀತಿಯನ್ನು ಮಾತ್ರ ಅನುಮಾನಿಸಿರಲಿಲ್ಲ. ಈಗ ಅದನ್ನೂ ಮೆಲ್ಲಗೆ ಕೇಳುತ್ತೇನೆ: ಏನು ಹಾಕುತ್ತಿದ್ದೀ?

ಗೆಳೆಯನಿಗೆ, ಮೊದಲು ಡಾಕ್ಟರು ಕಿವಿಯೊಳಗೆ ನೋಡಲಿ ಎಂದು ತಿಳಿಸಿ, ಊರಿಗೆ ಫೋನು ಮಾಡಿದೆ. ಆಯಿ ಎತ್ತಿದಳು.

“ಮೋತ್ಯಾ ಹೆಂಗದಾನ?”

“ಇಲ್ಲೇ ಅದಾನ. ಈಗೀಗ ನಾ ಕುಂತಲ್ಲೇ ಬಂದು ಮಲಗತಾನ. ಎಡಗಿವಿ ನನ್ನ ಕಡೆ ಮಾಡಿ. ನಾ ಮುಟ್ಟಂಗಿಲ್ಲಪಾ,” ಎಂದಳು. ಆಮೇಲೆ ದನಿ ತಗ್ಗಿಸಿ, “ಸಾವಕಾಶ ಮಾತಾಡು. ಎಚ್ಚರ ಆಗತೈತಿ ಅವಗ.”