ಚಿಲಕ ತೆಗೆದ ಕೈ

ಇವರ ಪಲ್ಟನ್ನಿನಿಂದ ಫೋನ್ ಬಂದಾಗ ನಾನು ಮುನವಳ್ಳಿಯ ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬ್ಯಾರಕ್‌ಗೆ ಬೆಂಕಿ ಬಿದ್ದಿತ್ತು, ನಿಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾರೆ, ಜೀವಕ್ಕೆ ಅಪಾಯವಿಲ್ಲ ಎಂದರು.

ಕೈ ಎರಡೂ ಸುಟ್ಟಿದ್ದವು.

ನಮ್ಮ ಯಜಮಾನರು ಸೈನ್ಯದಲ್ಲಿದ್ದಾರೆ. ಹೊಗೆ ತುಂಬಿದ ಬ್ಯಾರಕ್‌ನಿಂದ ಹೊರಬಂದವರು, ಒಳಗಿನ ಕೋಣೆಯಲ್ಲಿ ಜೊತೆಗಾರ, ರಾಮದುರ್ಗದ ಈರಣ್ಣ ಉಳಿದಿದ್ದಾನೆಂದು ತಿಳಿದು ಮತ್ತೆ ಒಳಗೆ ಹೋದರಂತೆ. ಕಾದ ಕಬ್ಬಿಣದ ಚಿಲಕವನ್ನು ಬರಿಗೈಯಲ್ಲೇ ಎಳೆದು, ಅವನನ್ನು ಹೆಗಲ ಮೇಲೆ ಹೊತ್ತು ತಂದರಂತೆ. ಇದನ್ನೆಲ್ಲ ಹೇಳಿದ್ದು ಸಂಗಡಿಗರು. ಇವರನ್ನು ಕೇಳಿದರೆ, "ಬಾಗಲಾ ತೆಗದೆ," ಅಷ್ಟೇ. ಮನೆಯಲ್ಲಿ ಇಲಿ ಓಡಿಸಿದ್ದನ್ನು ಮಾತ್ರ ವಾರಗಟ್ಟಲೆ ಹೇಳುವ ಮನುಷ್ಯ.

ತೊಡೆಯ ಚರ್ಮ ತೆಗೆದು ಅಂಗೈಗೆ ಗ್ರಾಫ್ಟಿಂಗ್ ಮಾಡಿದರು. ಗಾಯ ಮಾಯಿತು, ಆದರೆ ಬೆರಳುಗಳು ಒಳಕ್ಕೆ ಮಡಚಿಕೊಳ್ಳತೊಡಗಿದವು. ದಿನಾ ಚಾಚದಿದ್ದರೆ ಹೀಗೇ ಗಟ್ಟಿಯಾಗುತ್ತವೆ, ಡ್ಯೂಟಿಗೆ ಮರಳುವುದು ಕಷ್ಟ ಎಂದರು ಡಾಕ್ಟರು. ರಜೆಯ ಮೇಲೆ ಊರಿಗೆ ಬಂದವರು ವ್ಯಾಯಾಮ ಎಂದರೆ ಮುಖ ತಿರುಗಿಸುತ್ತಿದ್ದರು. ನೋವು ಅಷ್ಟಿತ್ತು. ಯಾರಾದರೂ ಬಂದರೆ ಕೈ ಮುಚ್ಚಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅಂಥ ಕೈಯನ್ನು ಮುಚ್ಚಿಡುವುದೆಂದರೇನು?

ಒಂದು ಮುಂಜಾನೆ ಜೋಳದ ಹಿಟ್ಟು ನಾದುವಾಗ ಹೊಳೆಯಿತು. ರೊಟ್ಟಿ ಬಡಿಯಲು ಅಂಗೈ ಪೂರಾ ಚಾಚಲೇಬೇಕು. ಬೈಲಹೊಂಗಲದ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿದೆ. ಹಿಟ್ಟು ಬಿಸಿ ಇರದಿದ್ದರೆ ಬಡಿಯಲಿ, ಒಲೆಯಿಂದ ಮಾತ್ರ ದೂರ ಕೂರಿಸಿ ಎಂದರು.

ಅತ್ತೆಗೆ ಸರಿಬರಲಿಲ್ಲ. "ಮಿಲ್ಟ್ರಿ ಮನಷ್ಯಾನ್ನ ರೊಟ್ಟಿ ಬಡ್ಯಾಕ ಕುಂದ್ರಸ್ತಿಯೇನ?" ಎಂದರು.

ವ್ಯಾಯಾಮ ಎಂದರೆ ಮುಖ ತಿರುಗಿಸುವ ಇವರು, ರೊಟ್ಟಿ ಎಂದಾಗ ತಾವೇ ಬಂದು ಹಿಟ್ಟಿನ ಪರಾತದ ಮುಂದೆ ಕುಳಿತರು. ಮೊದಲ ರೊಟ್ಟಿ ಹರಿಯಿತು. ಹಲ್ಲು ಕಚ್ಚಿ ಮತ್ತೊಂದು ಬಡಿದರು. ಅದೂ ಹರಿಯಿತು. ಹರಿದ ರೊಟ್ಟಿ ತಿಂದು ತಿಂದು ನಮ್ಮ ಎಮ್ಮೆ ಕೊಬ್ಬಿತು. ದಿನ ಕಳೆದಂತೆ ರೊಟ್ಟಿ ದುಂಡಗಾಗುತ್ತ, ಬೆರಳು ನೆಟ್ಟಗಾಗುತ್ತ ಬಂದವು. ಈಗ ಅತ್ತೆಯೇ ಓಣಿಯವರನ್ನು ಕರೆದು ಮಗನ ರೊಟ್ಟಿ ತೋರಿಸುತ್ತಾರೆ.

ಕಿರುಬೆರಳು ಇನ್ನೂ ನೆಟ್ಟಗಾಗಿಲ್ಲ. ಡ್ಯೂಟಿಗೆ ಮರಳುವ ಬಗ್ಗೆ ಮೆಡಿಕಲ್ ಬೋರ್ಡ್ ಏನು ಹೇಳುತ್ತದೋ ಗೊತ್ತಿಲ್ಲ. ಇಷ್ಟಾದರೂ ಆಯಿತಲ್ಲ ಎಂದು ದೇವರಿಗೆ ಕೈ ಮುಗಿಯುತ್ತೇನೆ.

ಹೋದ ವಾರ ಈರಣ್ಣ ಬಂದಿದ್ದ. ಇವರು ಅವನೆದುರೇ ಕುಳಿತು ರೊಟ್ಟಿ ಬಡಿದರು, ನಾನು ಬೇಯಿಸಿದೆ. ತಟ್ಟೆಗೆ ತಾವೇ ಬಡಿಸಿದರು. ಈರಣ್ಣ ಆ ಕೈ ಹಿಡಿದುಕೊಂಡು ಅತ್ತುಬಿಟ್ಟ.

"ಉಣ್ಣಪಾ, ರೊಟ್ಟಿ ಆರತಾವ," ಎಂದರು ಇವರು.

ನಾನು ಒಲೆಯ ಕಡೆ ತಿರುಗಿಕೊಂಡೆ. ಇವರು ನನ್ನ ಗಂಡ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು.