ಅಮಾವಾಸ್ಯೆ ಕಳೆದರೆ ಕರಕರ ಎನ್ನುತ್ತಿದ್ದ ಕಾರು

1979ರಲ್ಲಿ ನಾನು ಹುನಗುಂದದಲ್ಲಿ ಮೋಟಾರು ಮೆಕ್ಯಾನಿಕ್ ಆಗಿದ್ದೆ. ಬಾಗಲಕೋಟೆಯ ಗ್ಯಾರೇಜೊಂದರಲ್ಲಿ ಒಂಬತ್ತು ವರ್ಷ ದುಡಿದು, ಇಳಕಲ್ ರಸ್ತೆಯ ಬದಿಗೆ ಸ್ವಂತ ಶೆಡ್ಡು ಹಾಕಿದ್ದೆ. ಆಗ ಕಾರು ಇಟ್ಟವರು ಬೆರಳೆಣಿಕೆಯ ಮಂದಿ. ಕಾರಿನ ಜೊತೆಗೆ ಇಂಜಿನ್ನಿನ ವಿದ್ಯೆಯೂ ಮನೆಗೆ ಬಂತೆಂದು ಅವರೆಲ್ಲ ತಿಳಿದಿದ್ದರು. ಅಂಥವರಲ್ಲಿ ಇಳಕಲ್ಲಿನ ಒಬ್ಬ ಗ್ರಾನೈಟ್ ಸಾಹುಕಾರರಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ.

ಅವರ ಅಂಬಾಸಿಡರ್ ಸ್ಟಾರ್ಟ್ ಮಾಡಿದಾಗ ಕರ್ರೆಂದು ಸಪ್ಪಳ ಬರುತ್ತಿತ್ತು. ಸ್ವಿಚ್ ಹಾಕಿದೊಡನೆ ಸ್ಟಾರ್ಟರ್ ಮೋಟಾರಿನ ಶಾಫ್ಟಿನ ಮೇಲೆ ಪಿನಿಯನ್ ಎಂಬ ಸಣ್ಣ ಹಲ್ಲಿನ ಚಕ್ರ ಜಾರಿ ಮುಂದೆ ಹೋಗಿ, ಇಂಜಿನ್ನಿನ ದೊಡ್ಡ ಹಲ್ಲಿನ ಚಕ್ರವನ್ನು ಕಚ್ಚಿ ತಿರುಗಿಸಬೇಕು. ಅದು ಸಲೀಸಾಗಿ ಜಾರದಿದ್ದರೆ ಹಲ್ಲಿಗೆ ಹಲ್ಲು ಕೂಡದೆ ಮಸೆಯುತ್ತದೆ.

ಸಾಹುಕಾರರು ನನ್ನ ಒಂದೇ ಕುರ್ಚಿಯಲ್ಲಿ ಕುಳಿತು, ಸಂಗೀತ ಕೇಳುವವರಂತೆ ಕಣ್ಣು ಮುಚ್ಚಿ ಆ ಸಪ್ಪಳ ಕೇಳಿದರು. ನಾನು ಬಾನೆಟ್ ಎತ್ತುವ ಮೊದಲೇ ತೀರ್ಪು ಬಂತು.

"ಡ್ರೈವರಂದ ತಪ್ಪೈತಿ. ಇಂಜಿನ್ ಚಾಲೂ ಆದ ಮ್ಯಾಲೂ ಸ್ವಿಚ್ ಬಿಡಂಗಿಲ್ಲ ಇಂವಾ."

ಡ್ರೈವರ್ ಬೀರಣ್ಣನಿಗೆ ಐವತ್ತರ ವಯಸ್ಸು. ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದ. ಸಾಹುಕಾರರ ಪಾಲಿಶ್ ಶೆಡ್ಡಿನ ಹಿಂದಿನ ಒಂದು ಖೋಲಿಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದ. ಕೆಲಸ ಹೋದರೆ ಖೋಲಿಯೂ ಹೋಗುತ್ತಿತ್ತು.

ಅವನು ನನ್ನ ಹತ್ತಿರ ಬಂದು, "ಮಿಸ್ತ್ರಿಯವರ, ಒಂದ್ ಮಾತು ಹೇಳ್ಲೇನ್ರಿ?" ಎಂದ.

"ನೀ ಗಾಡಿ ಹೊಡಿ, ರಿಪೇರಿ ನನಗ ಬಿಡು" ಎಂದೆ.

ಸ್ಟಾರ್ಟರ್ ಬಿಚ್ಚಿದೆ. ಪಿನಿಯನ್ನಿಗೆ ಗ್ರೀಸು ಮೆತ್ತಿತ್ತು. ಯಾವನೋ ಅಡ್ಡಕಸುಬಿ ಹಚ್ಚಿರಬೇಕೆಂದು ಬೈದುಕೊಂಡು, ಪೆಟ್ರೋಲಿನಲ್ಲಿ ತೊಳೆದು ಕೂಡಿಸಿದೆ. ಯಾರು ಹಚ್ಚಿದರೆಂದು ಕೇಳಲಿಲ್ಲ. ಸಪ್ಪಳ ನಿಂತಿತು. ಸಾಹುಕಾರರು ನನ್ನ ಮುಖ ನೋಡಿದಾಗ, "ಹೌದ್ರಿ, ಡ್ರೈವರನ ಕೈ ಸ್ವಲ್ಪ ಬಿರಸ ಐತಿ" ಎಂದುಬಿಟ್ಟೆ. ದೊಡ್ಡ ಗಿರಾಕಿಯನ್ನು ಯಾಕೆ ಎದುರು ಹಾಕಿಕೊಳ್ಳಬೇಕು ಎಂಬ ಹೇಡಿತನ, ಮತ್ತೇನಲ್ಲ.

ಮರುತಿಂಗಳು ಅದೇ ಕಾರು, ಅದೇ ಸಪ್ಪಳ, ಅದೇ ಗ್ರೀಸು. ಈ ಸಲ ಸಾಹುಕಾರರ ಭಾವಮೈದುನನೂ ಬಂದಿದ್ದ. ಅವನು ಎಲೆ ಅಡಿಕೆ ಉಗುಳಿ, ಗೇರ್ ಬಾಕ್ಸ್ ಹೋಗಿದೆ ಎಂದ. ಅವನಿಗೆ ಗೇರ್ ಬಾಕ್ಸ್ ಯಾವ ಕಡೆ ಇದೆಯೆಂದೂ ಗೊತ್ತಿರಲಿಲ್ಲ. ಡಿಕ್ಕಿಯತ್ತ ಕೈ ತೋರಿಸುತ್ತಿದ್ದ. ಮತ್ತೆ ತೊಳೆದು ಕಳಿಸಿದೆ.

ಮೂರನೆಯ ತಿಂಗಳೂ ಅದೇ ಸಪ್ಪಳದೊಂದಿಗೆ ಕಾರು ಬಂದಾಗ ಸಾಹುಕಾರರು ನನ್ನೆದುರಿಗೇ ಹೇಳಿದರು: "ಬೀರ್ಯಾ, ಇನ್ನೊಮ್ಮೆ ಸಪ್ಪಳ ಬಂದ್ರ ಗಂಟು ಮೂಟಿ ಕಟ್ಟು." ಬೀರಣ್ಣ ತಲೆ ತಗ್ಗಿಸಿ ನಿಂತಿದ್ದ. ಸಾಹುಕಾರರು ಚಹಾಕ್ಕೆಂದು ಎದುರಿನ ಹೋಟೆಲಿಗೆ ಹೋದರು. ನನಗೆ ಅಂದು ನಿಜವಾಗಿ ನಾಚಿಕೆಯಾಯಿತು. ಅವತ್ತು ಏನು ಹೇಳಬೇಕೆಂದಿದ್ದೆ ಎಂದು ಬೀರಣ್ಣನನ್ನು ಕೇಳಿದೆ.

ಅವನು ಹೋಟೆಲಿನ ಕಡೆ ಒಮ್ಮೆ ನೋಡಿ, "ಅಮಾಸಿ ಆಗಿ ಎಂಟತ್ತು ದಿನಕ್ಕ ಶುರು ಆಕ್ಕೈತ್ರಿ. ಅಮಾಸಿ ದಿನ ನೀವ ಬಂದು ನೋಡ್ರಿ" ಎಂದ.

ಹೋದೆ. ಸಾಹುಕಾರರ ಪಾಲಿಶ್ ಶೆಡ್ಡಿನಲ್ಲಿ ಅಂದು ಕೆಲಸ ಬಂದ್. ಮಶೀನುಗಳನ್ನೆಲ್ಲ ಒರೆಸಿ ಪೂಜೆಗೆ ಅಣಿ ಮಾಡಿದ್ದರು. ನೆಲದ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ಶೆಡ್ಡಿನ ಫಿಟ್ಟರು ಕಾರಿನ ಸ್ಟಾರ್ಟರ್ ಬಿಚ್ಚಿ ಹಲಗೆಯ ಮೇಲೆ ಇಟ್ಟಿದ್ದ. ಸಾಹುಕಾರರು ಅದರ ಪಿನಿಯನ್ನಿಗೆ ಸ್ವಹಸ್ತದಿಂದ ಗ್ರೀಸು ಬಳಿದು, ಮೇಲೆ ವಿಭೂತಿ ಎಳೆದರು.

ನಾನು ನೋಡುತ್ತ ನಿಂತದ್ದನ್ನು ಕಂಡು ಹೆಮ್ಮೆಯಿಂದಲೇ ಹೇಳಿದರು: "ಅಮಾಸಿಗೊಮ್ಮೆ ಎಲ್ಲಾ ಮಶೀನಿಗೂ ನಾನ ಗ್ರೀಸ್ ಹಚ್ತೇನಿ. ಕಾರೇನು ಪರದೇಶಿ ಏನ್ರಿ?"

ಈ ಪಿನಿಯನ್ ಒಣಗಿಯೇ ಇರಬೇಕು. ಗ್ರೀಸು ಹಚ್ಚಿದರೆ ಧೂಳು ಹಿಡಿದು ಶಾಫ್ಟಿನ ಮೇಲೆ ಸಿಕ್ಕಿಬೀಳುತ್ತದೆ. ಅದರಲ್ಲೂ ಇದು ಗ್ರಾನೈಟಿನ ಧೂಳು. ಹಿಂದಿನ ಸಲ ಪಿನಿಯನ್ನಿನಿಂದ ಕೆರೆದು ತೆಗೆದ ಗ್ರೀಸನ್ನು ಕಾಗದದಲ್ಲಿ ಕಟ್ಟಿ ತಂದಿದ್ದೆ. ಅವರ ಅಂಗೈಗೆ ಹಾಕಿ, ತಿಕ್ಕಿ ನೋಡಿ ಎಂದೆ. ಅದು ಮರಳಿನಂತೆ ಗರಗರ ಎಂದಿತು.

"ಕಲ್ಲು ಸವೆಯೂದು ಹಿಂಗ ಅಲ್ಲೇನ್ರಿ? ನಿಮ್ಮ ಕಾರಿನ ಹಲ್ಲೂ ಹಂಗ ಸವದಾವು" ಎಂದೆ. ಕಲ್ಲು ಪಾಲಿಶ್ ಮಾಡಿಯೇ ಹೊಟ್ಟೆ ಹೊರೆಯುವ ಮನುಷ್ಯನಿಗೆ ಅಷ್ಟು ಸಾಕಾಯಿತು. ಅವರೆದುರೇ ಸ್ಟಾರ್ಟರ್ ತೊಳೆದು, ಒಣಗಿಸಿ ಕೂಡಿಸಿದೆ. ಬೀರಣ್ಣ ಸ್ಟಾರ್ಟ್ ಮಾಡಿದ. ಕಾರು ಸಪ್ಪಳವಿಲ್ಲದೆ ಚಾಲೂ ಆಯಿತು.

ತಪ್ಪು ಒಪ್ಪಿಕೊಳ್ಳುವ ಜಾತಿಯವರಲ್ಲ ಅವರು. "ಇದನ್ನ ಮೊದಲ ಯಾಕ ಹೇಳ್ಲಿಲ್ಲಲೇ ಬೀರ್ಯಾ?" ಎಂದು ಅವನ ಮೇಲೆಯೇ ಹರಿಹಾಯ್ದರು.

"ನಿಮಗ ಹೇಳೂ ಧೈರ್ಯ ಇರ್ಲಿಲ್ರಿ. ಮಿಸ್ತ್ರಿಯವರಿಗೆ ಮೊದಲ್ನೇ ದಿನಾನ ಹೇಳಾಕ ಹೋಗಿದ್ದೆ" ಎಂದ ಬೀರಣ್ಣ. ನನ್ನ ಕಡೆ ನೋಡಲಿಲ್ಲ.

ಸಾಹುಕಾರರ ದಡ್ಡತನಕ್ಕೆ ಇಂದಿಗೂ ನಗು ಬರುತ್ತದೆ. ಆದರೆ ಅವರಿಗೆ ವಿದ್ಯೆ ಗೊತ್ತಿರಲಿಲ್ಲ; ಗೊತ್ತಿದ್ದ ನಾನು ಏನು ಕಡಿದು ಗುಡ್ಡೆ ಹಾಕಿದೆ? ಎರಡು ಸಲ ಗ್ರೀಸು ಒರೆಸಿ, ಒಬ್ಬ ಬಡವನ ಮೇಲೆ ಹೊರೆ ಹೊರಿಸಿ ಕಳಿಸಿದೆ. ಅಂದಿನಿಂದ ಯಾವ ಗಾಡಿ ಬಂದರೂ ಮಾಲೀಕನನ್ನು ಮೊದಲು ಚಹಾಕ್ಕೆ ಕಳಿಸಿ, ಡ್ರೈವರನನ್ನು ಕೇಳಿದ ಮೇಲೆಯೇ ಬಾನೆಟ್ ಎತ್ತುವುದನ್ನು ರೂಢಿ ಮಾಡಿಕೊಂಡೆ.

ಬೀರಣ್ಣನ ಕೆಲಸ ಉಳಿಯಿತು, ಖೋಲಿಯೂ ಉಳಿಯಿತು. ಮುಂದೆ ಬ್ರೇಕಿಗೆಂದು ಅದೇ ಕಾರು ತಂದಾಗ ನಾನೇ ಎದ್ದು ಹೋಗಿ, "ಏನಾಗೇತಿ ಹೇಳು ಬೀರಣ್ಣ" ಎಂದೆ.

ಅವನು ಕೀ ನನ್ನ ಕೈಗಿಟ್ಟು ದೂರ ಸರಿದು ನಿಂತ. "ನಾ ಗಾಡಿ ಹೊಡ್ಯಾಂವರಿ. ರಿಪೇರಿ ನೀವ ನೋಡ್ರಿ" ಎಂದ.