ಉಪ್ಪು, ಒಣಮೆಣಸಿನಕಾಯಿ ಮತ್ತು ಶಾರಿಯ ಹೆಬ್ಬೆರಳು

ಆಗ ನನಗೆ ಅರವತ್ತೆರಡು. ಈ ಮಾತಿಗೆ ಎರಡು ವರ್ಷವಾಗುತ್ತಾ ಬಂತು. ಮೊಮ್ಮಗಳು ಶಾರಿಗೆ ಏಳು ನಡೆಯುತ್ತಿತ್ತು.

ಮಧ್ಯಾಹ್ನ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಶಾರಿಯ ಲಂಗದ ಮೇಲೆ ಕೆಂಪು ಕಂಡಿತು. ಕುಂಕುಮ ಚೆಲ್ಲಿಕೊಂಡಿದ್ದಾಳೆ ಅಂತ ಬೈದೆ. ಹತ್ತಿರ ಹೋಗಿ ನೋಡಿದೆ.

ತನ್ನ ಕೈಯನ್ನು ತಾನೇ ಕಚ್ಚಿಕೊಂಡಿದ್ದಳು.

ಬಲಗೈ ಹೆಬ್ಬೆರಳಿನ ಬುಡ. ಹಲ್ಲು ಒಳಗೆ ಇಳಿದಿತ್ತು. ಶಾರಿಗೆ ಮಾತಿಲ್ಲ. ಆಟಿಸಂ ಅಂತ ಮೊದಲೇ ಹೇಳಿದ್ದರು, ಅದಕ್ಕೆ ಅಳುವುದನ್ನು ಅತ್ತು ಮುಗಿಸಿದ್ದೆವು. ಇದು ಹೊಸದು. ದುಡಿಯಲು ಬಂದು ಸೇರಿದ ಈ ಪರನಾಡಿನ ಪಟ್ಟಣದಲ್ಲಿ ನನ್ನ ಮಗ ಮಲ್ಲಪ್ಪ ಮಾದಾಪುರದ ಗಾಜಿನ ಕಟ್ಟಡಗಳಿಗೆ ಟೈಲ್ಸ್ ಕೂರಿಸುತ್ತಾನೆ. ಸೊಸೆ ನಾಗಮ್ಮ ಕಂಪ್ಯೂಟರ್ ಹುಡುಗರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಹೊತ್ತು ಹುಟ್ಟುವ ಮೊದಲೇ ಇಬ್ಬರೂ ಹೋದರೆ ಹುಡುಗಿ ನನ್ನ ಪಾಲು.

ನನಗೆ ಗೊತ್ತಿದ್ದನ್ನು ಮಾಡಿದೆ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮುಖದ ಸುತ್ತ ನಿವಾಳಿಸಿ ಶೇಗಡಿಯ ಕೆಂಡಕ್ಕೆ ಹಾಕಿದೆ. ಉಪ್ಪು ಪಟಪಟ ಸಿಡಿಯಿತು. ಶಾರಿ ಅಳು ನಿಲ್ಲಿಸಿ ನಕ್ಕಳು. ದೃಷ್ಟಿ ಹೋಯಿತು ಅಂದುಕೊಂಡೆ. ಸಂಜೆ ಮತ್ತೆ ಕಚ್ಚಿಕೊಂಡಳು. ಮತ್ತೆ ತೆಗೆದೆ.

ಹೀಗೇ ನಡೆಯಿತು. ಗಾಯ ಕೀವಾಯಿತು. ಡ್ರೆಸಿಂಗ್ ಕಟ್ಟಿದರೆ ಹಲ್ಲಿನಿಂದಲೇ ಕಿತ್ತು ಅದೇ ಜಾಗ ಕಚ್ಚುವಳು. ಜ್ವರ ಬಂದಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾಡಿದರು. ಡಾಕ್ಟರ್ ಹಿಂದಿಯಲ್ಲಿ ಹೇಳಿದರು: ಇನ್ಫೆಕ್ಷನ್ ಎಲುಬಿನ ಹತ್ತಿರ ಬಂದಿದೆ, ಕಚ್ಚುವುದು ನಿಲ್ಲದಿದ್ದರೆ ಯಾವ ಔಷಧವೂ ನಾಟುವುದಿಲ್ಲ, ಎಲುಬಿಗೆ ಇಳಿದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ.

ಮಲ್ಲಪ್ಪ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ಅದಿಲ್ಲದೆ ಸಿಮೆಂಟ್ ಬಳಿಯುವ ಕರಣೆ ಹಿಡಿಯಲು ಬರುವುದಿಲ್ಲ, ತುತ್ತು ಎತ್ತಲೂ ಬರುವುದಿಲ್ಲ.

ಕಚ್ಚುವುದನ್ನು ಬಿಡಿಸಲು ಅದೇ ಆಸ್ಪತ್ರೆಯ ಬಿಹೇವಿಯರ್ ಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಸುನೀತಾ, ರಾಯಚೂರಿನ ಹುಡುಗಿ. ಅವಳ ಬಾಯಲ್ಲಿ ನಮ್ಮ ಕನ್ನಡ ಕೇಳಿ ನನಗೆ ಜೀವ ಬಂದಿತು. ಆದರೆ ಆಕೆ ಔಷಧ ಕೊಡಲಿಲ್ಲ.

"ಆಯಿ, ದಿನಕ್ಕ ಎಷ್ಟು ಸಲ ಕಚ್ಕೋತಾಳ?"

"ಭಾಳ ಸಲ."

"ಭಾಳ ಅಂದ್ರ ನನಗ ತಿಳಿಯಂಗಿಲ್ಲರಿ. ಎಣಿಸಿ ತರ್ರಿ."

"ಬೆರಳು ಉಳಿಸವ್ವ ಅಂದ್ರ ಲೆಕ್ಕಾ ಕೇಳ್ತಿಯಲ್ಲ! ನೀ ಏನು ಪಟವಾರಿ ಏನು?"

ಆಕೆ ನಕ್ಕಳು. "ಈಗ ಎಷ್ಟೈತಿ ಅಂತ ಗೊತ್ತಿಲ್ಲದಿದ್ರ, ನಾಳೆ ಕಡಿಮಿ ಆತೋ ಇಲ್ಲೋ ಹೆಂಗ ಹೇಳೂದು ಆಯಿ?"

ಬರೆದಿಡುವಷ್ಟು ಅಕ್ಷರ ನನಗೆ ಇಲ್ಲ. ನನ್ನ ಸೊಂಟದ ಎಲೆ ಅಡಿಕೆ ಸಂಚಿಗೆ ಎರಡು ಕಿಸೆ. ಒಂದರಲ್ಲಿ ಹುಣಸೆ ಬೀಜ ತುಂಬಿಕೊಂಡೆ. ಕಚ್ಚಿದರೆ ಒಂದು ಬೀಜ ಈ ಕಿಸೆಯಿಂದ ಆ ಕಿಸೆಗೆ. ಹಲ್ಲು ಚರ್ಮಕ್ಕೆ ತಾಗಿದರೆ ಮಾತ್ರ, ಕೈ ಬಾಯಿಯವರೆಗೆ ಹೋಗಿ ನಿಂತರೆ ಬೀಜ ಸರಿಸಬಾರದು. ಅದು ಸುನೀತಾಳ ಕರಾರು.

ವಾರ ಕಳೆದು ಬೀಜ ಸುರಿದು ತೋರಿಸಿದೆ. ಸುನೀತಾಳ ಎರಡು ಬೊಗಸೆ ತುಂಬಿದವು.

"ಕಚ್ಚಿಕೊಂಡ ಮ್ಯಾಲ ನೀವೇನ್ ಮಾಡ್ತೀರಿ ಆಯಿ?"

"ಮತ್ತೇನ್ ಮಾಡ್ಲಿ? ದೃಷ್ಟಿ ತೆಗೀತೀನಿ."

"ಪ್ರತಿ ಸಲಾನೂ?"

"ಹೂಂ."

ಆಕೆ ಅದನ್ನು ಬರೆದುಕೊಂಡಳು. ಮರುದಿನ ಮನೆಗೇ ಬಂದು ಗೋಡೆಗೆ ಒರಗಿ ಕೂತು ನೋಡಿದಳು. ಆಮೇಲೆ ಹೇಳಿದಳು: ಹುಡುಗಿಗೆ ಆ ಉಪ್ಪಿನ ಸಿಡಿತ ಬೇಕು, ಕೇಳಲು ಬಾಯಿಲ್ಲ, ಕಚ್ಚಿಕೊಂಡರೆ ಸಿಗುತ್ತದೆ ಅಂತ ಕಲಿತಿದ್ದಾಳೆ. ಕಚ್ಚಿದಾಗ ದೃಷ್ಟಿ ತೆಗೆಯಬೇಡಿ. ಉಪ್ಪಿನ ಗಡಿಗೆ ಅವಳ ಎದುರಿಗೆ ಇಡಿ, ಅದನ್ನು ತಂದು ಕೊಟ್ಟರೆ ಆ ಕ್ಷಣವೇ ತೆಗೆಯಿರಿ. ಮೊದಲು ಕಚ್ಚುವುದು ಹೆಚ್ಚಾಗುತ್ತದೆ, ಕೈಗೆ ದಪ್ಪ ಬಟ್ಟೆ ಹೊಲಿದು ಹಾಕಿ, ಡ್ರೆಸಿಂಗಿಗೆ ದಿನವೂ ಬನ್ನಿ.

ಮಲ್ಲಪ್ಪ ಕೂಗಾಡಿದ. "ಉಪ್ಪು ಸುಟ್ಟಿದ್ದಕ್ಕ ಕೂಸು ಕೈ ಕಡ್ಕೋತೈತಂತ! ಇದನ್ನ ಕಲಿಯಾಕ ಸಾಲಿಗೆ ಹೋಗಿದ್ಳೇನು ಆಕಿ?"

ನನಗೂ ನಂಬಿಕೆ ಬರಲಿಲ್ಲ. ಆದರೆ ಬೀಜ ಸರಿಸಿದವಳು ನಾನೇ, ಬೊಗಸೆ ತುಂಬಿದ್ದನ್ನು ನೋಡಿದವಳೂ ನಾನೇ. ಹಳೆ ಜಮಖಾನೆ ಕತ್ತರಿಸಿ ಅವಳ ಕೈ ಬೆರಳು ಮುಚ್ಚುವಂಥ ಚೀಲ ಹೊಲಿದೆ.

ಮೊದಲ ದಿನ ಭಾನುವಾರ. ಎಲ್ಲರೂ ಮನೆಯಲ್ಲಿದ್ದರು. ಶಾರಿ ಚೀಲದ ಮೇಲೆಯೇ ಕಚ್ಚಿದಳು. ನಾನು ಕೂತಲ್ಲಿಂದ ಏಳಲಿಲ್ಲ. ಮತ್ತೆ ಕಚ್ಚಿದಳು. ಚೀರಿದಳು. ತಲೆಯನ್ನು ಗೋಡೆಗೆ ಒಯ್ದಳು, ಅಡ್ಡ ದಿಂಬು ಹಿಡಿದೆ, ಮಾತಾಡಲಿಲ್ಲ. ಜಮಖಾನೆ ತೊಯ್ದು ಒಳಗಿಂದ ರಕ್ತ ಜಿನುಗಿತು.

ನಾಗಮ್ಮ ತಡೆಯಲಾರದೆ ಎದ್ದು ಉಪ್ಪಿನ ಗಡಿಗೆಗೆ ಕೈ ಹಾಕಿದಳು.

"ಮುಟ್ಟಬ್ಯಾಡ."

"ಅತ್ತಿ, ರಕ್ತ ಬರಾಕತ್ತೈತಿ! ನಿಮ್ಮದು ಕಲ್ಲಿನ ಜೀವ!"

"ಕಲ್ಲ ಅನ್ಕೋ. ಕೆಳಗ ಇಡು. ಈಗ ತೆಗದ್ರ ಇಷ್ಟು ಕಡಿದ್ರನ ಸಿಗ್ತೈತಿ ಅಂತ ಕಲೀತಾಳ."

ಆಗ ಶಾರಿ ಕೈಯನ್ನು ಬಾಯಲ್ಲಿ ಕಚ್ಚಿ ಹಿಡಿದೇ ತಿರುಗಿದಳು.

ಅವಳು ಕೈ ನೋಡಲಿಲ್ಲ. ನಮ್ಮನ್ನೂ ನೋಡಲಿಲ್ಲ. ಶೇಗಡಿ ನೋಡಿದಳು.

ಮಲ್ಲಪ್ಪನೂ ಅದನ್ನು ಕಂಡ. ನಾಗಮ್ಮ ಗಡಿಗೆಯನ್ನು ನೆಲಕ್ಕಿಟ್ಟು ಗೋಡೆಗೆ ಮುಖ ಮಾಡಿ ನಿಂತಳು.

ಹಗಲೆಲ್ಲ ಹಾಗೇ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಶಾರಿ ತೆವಳಿಕೊಂಡು ಬಂದು ಆ ಗಡಿಗೆಯನ್ನು ನನ್ನ ಮೊಣಕಾಲಿಗೆ ದೂಡಿದಳು. ಮುಷ್ಟಿ ತುಂಬಿದೆ, ನಿವಾಳಿಸಿದೆ, ಕೆಂಡಕ್ಕೆ ಹಾಕಿದೆ. ನಕ್ಕಳು.

ದೃಷ್ಟಿ ತೆಗೆದದ್ದು ತಪ್ಪು ಅಂತ ನಾನು ಈಗಲೂ ಒಪ್ಪುವುದಿಲ್ಲ. ತೆಗೆದ ಹೊತ್ತು ತಪ್ಪಿತ್ತು, ಅಷ್ಟೇ.

ಬೀಜ ಒಂದು ಬೊಗಸೆಗೆ ಇಳಿದವು, ಆಮೇಲೆ ಒಂದು ಹಿಡಿಗೆ. ಸುನೀತಾ ಅದನ್ನು ಗ್ರಾಫ್ ಕಾಗದದ ಮೇಲೆ ಗೆರೆ ಎಳೆದು ತೋರಿಸುವಳು. ಬೇಗಂ ಬಜಾರಿನಿಂದ ಉಪ್ಪು ಮಾತ್ರ ಮೂಟೆಗಟ್ಟಲೆ ಬರತೊಡಗಿತು. ಗಾಯ ಒಣಗಿ ಕಪ್ಪು ಹಕ್ಕಳೆ ಕಟ್ಟಿತು. ಡಾಕ್ಟರ್ ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲುಬು ಉಳಿಯಿತು ಅಂದರು. ಮತ್ತೆ ಕಚ್ಚಿಕೊಳ್ಳಲು ಬಿಡಬೇಡಿ, ಆ ಜಾಗಕ್ಕೆ ಇನ್ನೊಂದು ಸಲ ತಾಳುವ ಶಕ್ತಿ ಇಲ್ಲ ಅಂತಲೂ ಹೇಳಿದರು.

ಕೆಲಸ ಮುಗಿಯಿತು ಅಂದುಕೊಂಡೆ. ಸುನೀತಾ ತಲೆ ಅಲ್ಲಾಡಿಸಿದಳು.

"ಬಿಡಿಸೂದು ಸಸಾರ ಆಯಿ, ಬಿಟ್ಟಿದ್ದು ಹಂಗ ಉಳಿಸೂದು ಕಠಿಣ. ಈಗ ನಿಮ್ಮ ಕೈ, ನಿಮ್ಮ ಶೇಗಡಿ ಇದ್ರಷ್ಟ ಅಕಿ ಸುಮ್ಮನಿರ್ತಾಳ. ನಾಳೆ ನೀವು ಸತ್ರ?"

ನನ್ನ ಸಾವಿನ ಮಾತನ್ನು ಎದುರಿಗೆ ಅಷ್ಟು ಸಲೀಸಾಗಿ ಯಾರೂ ಆಡಿರಲಿಲ್ಲ. ಹುಡುಗಿ ನನಗೆ ಹಿಡಿಸಿದಳು.

ಮೊದಲು ಗಡಿಗೆ ತಂದರೆ ಅವಳನ್ನು ಸ್ವಲ್ಪ ಹೊತ್ತು ಕಾಯಿಸಿ ದೃಷ್ಟಿ ತೆಗೆದೆವು. ಆಮೇಲೆ ಕೆಂಡವಿಲ್ಲದೆ. ಆಮೇಲೆ ಉಪ್ಪೂ ಇಲ್ಲದೆ, ಬರಿಗೈಯಲ್ಲಿ ಮುಖ ನಿವಾಳಿಸಿ, ಹಣೆಯ ಪಕ್ಕಕ್ಕೆ ಬೆರಳೊತ್ತಿ ಲಟಿಕೆ ಮುರಿದು. ಲಟಲಟ ಸಪ್ಪಳ ಶಾರಿಗೆ ಒಪ್ಪಿಗೆಯಾಯಿತು. ಗಡಿಗೆ ಬಿಟ್ಟು ನಮ್ಮ ಕೈಯನ್ನೇ ಎಳೆದು ಮುಖಕ್ಕೆ ಇಟ್ಟುಕೊಳ್ಳುವುದನ್ನು ಕಲಿತಳು. ನಾಗಮ್ಮ ಮಾಡಿದಳು, ಮಲ್ಲಪ್ಪನೂ ಮಾಡಿದ. ಅವನ ಬೆರಳು ಸಿಮೆಂಟ್ ತಿಂದು ಮರಗಟ್ಟಿದ್ದವು, ಲಟಿಕೆ ಬಾರದೆ ಬಾಯಲ್ಲೇ ಲಟ್ ಅನ್ನುವನು.

ಕೊನೆಗೆ ಸುನೀತಾ, "ಒಂದು ವಾರ ನೀವು ಮನ್ಯಾಗ ಇರಬಾರದು" ಅಂದಳು. ಸೇಡಂನಲ್ಲಿ ನನ್ನ ತಂಗಿ ಇದ್ದಾಳೆ. ನಾಗಮ್ಮ ಹಾಸ್ಟೆಲಿಗೆ ವಾರ ರಜೆ ಹಾಕಿದಳು, ನಾನು ಅಲ್ಲಿಗೆ ಹೊರಟೆ. ನಾಂಪಲ್ಲಿ ಸ್ಟೇಷನ್ನಿನವರೆಗೆ ನಾಗಮ್ಮ ಶಾರಿಯನ್ನು ಕರೆದುಕೊಂಡು ಬಂದಳು. ನಾನು ಬೋಗಿ ಹತ್ತಿ ಕಿಟಕಿಯಲ್ಲಿ ಕೂತೆ. ಎಂಜಿನ್ ಕೂಗಿತು.

ಶಾರಿಯ ಕೈ ಬಾಯಿಗೆ ಹೋಯಿತು.

ಕಿಟಕಿಯ ಸರಳು ಹಿಡಿದೆ. ಕೂಗಬಾರದು. ಇಳಿಯಬಾರದು. ಆ ಹಕ್ಕಳೆಯ ಜಾಗವೇ ತುಟಿಗೆ ತಾಗಿ ನಿಂತಿತ್ತು. ನಾಗಮ್ಮ ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿದೆ. ಮತ್ತೆ ನೋಡಿದಾಗ ಶಾರಿ ಅವ್ವನ ಎರಡೂ ಕೈ ಎಳೆದು ಮುಖಕ್ಕೆ ಇಟ್ಟುಕೊಂಡಿದ್ದಳು. ಅಷ್ಟು ಜನರ ನಡುವೆ ನಾಗಮ್ಮ ನಿವಾಳಿಸಿ ಲಟಿಕೆ ಮುರಿದಳು. ಸಪ್ಪಳ ನನಗೆ ಕೇಳಿಸಲಿಲ್ಲ. ನಕ್ಕದ್ದು ಕಾಣಿಸಿತು. ಗಾಡಿ ಅಲ್ಲಾಡಿದ ಮೇಲೆ ನೆನಪಾಗಿ ಬೀಜದ ಸಂಚಿಯನ್ನು ಕಿಟಕಿಯಿಂದ ನಾಗಮ್ಮನ ಕಡೆ ಎಸೆದೆ.

ಮರುದಿನ ಬೆಳಿಗ್ಗೆ ಎಲೆ ಅಡಿಕೆಗೆಂದು ಸೊಂಟಕ್ಕೆ ಕೈ ಹೋಯಿತು, ಸಂಚಿ ಇರಲಿಲ್ಲ. ಮುಖ ತೊಳೆದು ಎಸ್‌ಟಿಡಿ ಬೂತಿಗೆ ನಡೆದು ಹೋಗಿ ನಮ್ಮ ಮನೆಯ ಪಕ್ಕದವರ ಫೋನಿಗೆ ಹಚ್ಚಿದೆ. ನಾಗಮ್ಮ ಓಡಿ ಬಂದಳು.

"ಬೀಜ ಸರಿಸಿದ್ಯಾ?"

"ಒಂದು ಸರಿಸೀನಿ ಅತ್ತಿ. ನಿನ್ನೆ ಸ್ಟೇಷನ್‌ನ್ಯಾಗಿಂದು."

"ಹಲ್ಲು ತಾಗಿತ್ತೇನು?"

"ಇಲ್ಲ. ಬಾಯಿತನಾ ಹೋಗಿತ್ತು."

"ಹಂಗಾದ್ರ ಅದನ್ನ ತಿರುಗಿ ಮೊದಲಿನ ಕಿಸೆಕ್ಕ ಹಾಕು" ಅಂತ ಹೇಳಿ ಫೋನ್ ಇಟ್ಟೆ.